ಎದುರಂಗಡಿಯ ಬೋಣಿ

ಬುಶ್ತಾನ ಚಪ್ಪಲಿ ಅಂಗಡಿ ಇಂಟರ್ನೆಟ್ಟಿನ ಹುಡುಕಾಟದಲ್ಲಿ ಎಲ್ಲರಿಗಿಂತ ಮೇಲೆ ಬಂದದ್ದೇ ಅವನ ಕಷ್ಟಕ್ಕೆ ಮೂಲವಾಯಿತು.

ಅದಕ್ಕೆ ಮುಂಚೆ ಅವನ ವೆಬ್‌ಸೈಟು ಎಷ್ಟು ಕೆಳಗಿತ್ತೆಂದರೆ, ಅಕ್ಕನ ಮಗಳು ಸಲ್ವಾಗೂ ಹುಡುಕಿದರೆ ಸಿಗುತ್ತಿರಲಿಲ್ಲ. ಫೆಸ್ ಊರಿನ ಸಣ್ಣಪುಟ್ಟ ಅಂಗಡಿಗಳ ಪುಟಗಳನ್ನು ಮೇಲಕ್ಕೆ ತರುವುದೇ ಅವಳ ಕಸುಬು. ಮಾವನ ಪುಟ ತೆರೆದರೆ ಮೊದಲು ತಾತ, ಆಮೇಲೆ ಮುತ್ತಾತ, ಆಮೇಲೆ ಅವರಿಬ್ಬರ ಹಜ್ ಯಾತ್ರೆ. ಚಪ್ಪಲಿಯ ಮಾತು ಕಟ್ಟಕಡೆಗೆ.

"ಮಾವ, ನಿಮ್ಮ ಮುತ್ತಾತನ್ನ ಯಾರೂ ಹುಡುಕ್ತಿಲ್ಲ. ಕಾಲು ಕಚ್ಚದ ಬಲ್ಘಾ ಚಪ್ಪಲಿ ಎಲ್ಲಿ ಸಿಗತ್ತೆ ಅಂತ ಹುಡುಕ್ತಾರೆ. ಅದಕ್ಕೆ ಉತ್ತರ ಬರೀರಿ, ಸಾಕು."

ಬುಶ್ತಾ ಬರೆದ. ಯಾವ ಚರ್ಮ, ಎಂಥ ಹೊಲಿಗೆ, ಯಾವ ಪಾದಕ್ಕೆ ಯಾವುದು ಹೊಂದುತ್ತದೆ, ಎಲ್ಲ. ತಾತನನ್ನು ಅಳಿಸುವಾಗ ಮಾತ್ರ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡ. ಆದರೆ ಬೇರೆ ದಾರಿಯಿರಲಿಲ್ಲ. ಅಂಗಡಿಯಲ್ಲಿ ಅರ್ಧ ಪಾಲು ಅಕ್ಕ ಝೋರಾಳದು, ಅವಳು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: "ಗುರುವಾರ ಸಂಜೆ ಬಂದು ಕೂತ್ಕೋತೀನಿ. ನನ್ನ ಕಣ್ಣೆದುರು ಒಂದು ಜೊತೆ ಮಾರು ನೋಡೋಣ. ಆಗದಿದ್ರೆ ಬೀಗದಕೈ ಕೊಟ್ಬಿಡು. ಮೊಬೈಲ್ ಕವರ್ ಮಾರೋರು ಈ ಅಂಗಡಿಗೆ ಕಾಯ್ತಾ ಇದ್ದಾರೆ."

ಗುರುವಾರ ಬೆಳಿಗ್ಗೆ ಇಂಟರ್ನೆಟ್ಟಿನಲ್ಲಿ ಅವನ ಅಂಗಡಿಯೇ ಎಲ್ಲಕ್ಕಿಂತ ಮೇಲಿತ್ತು. ಬಾಗಿಲು ತೆಗೆಯುತ್ತಲೇ ಒಬ್ಬ ಬಂದು ಹಳದಿ ಬಲ್ಘಾ ಕೊಂಡ. ಬೆನ್ನಿಗೇ ಒಬ್ಬ ಹೆಂಗಸು ಬಂದಳು. ಬುಶ್ತಾನ ಕೈ ಕಪಾಟಿನವರೆಗೆ ಹೋಗಿ ನಿಂತಿತು. ಎದುರಂಗಡಿಯ ತಯ್ಯಬ್ ಮಂಡಿಯ ಮೇಲೆ ಕೈಯಿಟ್ಟುಕೊಂಡು, ಈ ಕಡೆ ನೋಡದಿರಲು ಬಹಳ ಪ್ರಯತ್ನಪಡುತ್ತಿದ್ದ. ತನ್ನ ಬೋಣಿಯಾದ ಮೇಲೆ ಬಂದ ಗಿರಾಕಿಯನ್ನು ಬೋಣಿಯಾಗದ ನೆರೆಯವನಿಗೆ ಬಿಟ್ಟುಕೊಡುವುದು ಆ ಬೀದಿಯ ರೂಢಿ. ಇಂಟರ್ನೆಟ್ಟಿಗೆ ಇದು ಗೊತ್ತಿರಲಿಲ್ಲ, ಬುಶ್ತಾನಿಗೆ ಗೊತ್ತಿತ್ತು.

"ನಂದು ಬೋಣಿ ಆಯ್ತು ತಾಯಿ. ಎದುರಿನವನದು ಇನ್ನೂ ಆಗಿಲ್ಲ. ಅವನೂ ಒಳ್ಳೇದೇ ಮಾಡ್ತಾನೆ, ಅಲ್ಲಿ ತಗೊಳ್ಳಿ."

ಮೂರನೆಯವನನ್ನು ಪಕ್ಕದಂಗಡಿಗೆ ಕಳಿಸಿದ, ನಾಲ್ಕನೆಯವನನ್ನು ತಿರುವಿನ ಅಂಗಡಿಗೆ. ಬೀದಿ ಉದ್ದವಾಗಿತ್ತು, ಬೋಣಿ ಕಾಣದ ಅಂಗಡಿಗಳು ಬೇಕಾದಷ್ಟಿದ್ದವು. ಬೋಣಿಯಾದವರೆಲ್ಲ ಉಪಕಾರ ಸ್ಮರಿಸಿ ಒಂದೊಂದು ಲೋಟ ಪುದೀನ ಚಹಾ ಕಳಿಸಿದರು. ಬೇಡವೆನ್ನಲಾಗದೆ ಕುಡಿದೂ ಕುಡಿದೂ ಬುಶ್ತಾ ಮಸೀದಿಯ ಹಿಂಭಾಗದ ಶೌಚಾಲಯಕ್ಕೆ ಓಡಾಡುವಂತಾಯಿತು. ಆದರೂ ಅವನಿಗೆ ಸಂತೋಷವಾಗಿತ್ತು. ಇಡೀ ಬೀದಿ ನಗುತ್ತಿದ್ದುದನ್ನು ನೋಡಿ ಎಷ್ಟೋ ಕಾಲವಾಗಿತ್ತು.

ಮಧ್ಯಾಹ್ನ ಸಲ್ವಾ ಫೋನು ಮಾಡಿದಳು. "ಮಾವ, ಅಲ್ಲಿ ಏನ್ ಮಾಡ್ತಿದ್ದೀರಿ? ಬಂದವರೆಲ್ಲ ಐದೈದು ನಕ್ಷತ್ರ ಕೊಟ್ಟಿದ್ದಾರೆ."

"ಚಪ್ಪಲಿಗಾ?"

"ಚಪ್ಪಲಿ ಸುದ್ದಿನೇ ಇಲ್ಲ. 'ತನ್ನದನ್ನು ಮಾರುವುದಿಲ್ಲ, ಒಳ್ಳೆಯ ಅಂಗಡಿ ತೋರಿಸುತ್ತಾನೆ, ಇಂಥ ಪ್ರಾಮಾಣಿಕ ಇನ್ನೊಬ್ಬನಿಲ್ಲ' ಅಂತ ಬರೆದಿದ್ದಾರೆ."

"ಒಳ್ಳೇದೇ ಬರ್ದಿದ್ದಾರಲ್ಲೇ."

"ಅದೇ ನಂಗೆ ಭಯ."

ಅಲ್ಲಿಂದಾಚೆ ಬಂದವರು ಕಪಾಟಿನ ಕಡೆ ಕಣ್ಣೆತ್ತಲಿಲ್ಲ. ಕೈಯಲ್ಲಿ ಫೋನು ಹಿಡಿದು, "ಹಾಜಿ, ಯಾವ ಅಂಗಡಿಗೆ ಹೋಗ್ಲಿ?" ಎಂದು ಕೇಳಿದರು. ಅವನು ತೋರಿಸಿದ.

ಸಂಜೆ ಝೋರಾ ಬಂದು ಮಣೆಯ ಮೇಲೆ ಕುಳಿತಳು. ಐದು ನಕ್ಷತ್ರದ ಸುದ್ದಿ ಕೇಳಿ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದಳು. ಬುಶ್ತಾ ಹೆದರಲಿಲ್ಲ. ಬೀದಿಯಲ್ಲಿ ಬೋಣಿಯಾಗದ ಅಂಗಡಿ ಈಗ ಒಂದೂ ಉಳಿದಿರಲಿಲ್ಲ. ಇನ್ನು ಬರುವ ಗಿರಾಕಿ ನ್ಯಾಯವಾಗಿ ಅವನಿಗೇ ಸೇರಬೇಕಾದವನು.

ಗಿರಾಕಿ ಬಂದ, ಕಾಸಾಬ್ಲಾಂಕಾದವನು. "ನಿಮ್ಮನ್ನೇ ಹುಡುಕ್ಕೊಂಡು ಬಂದೆ ಹಾಜಿ. ಅಮ್ಮನಿಗೆ ಬಲ್ಘಾ ಬೇಕು. ಎಲ್ಲಿ ತಗೊಳ್ಳಲಿ?"

ಬುಶ್ತಾ ಅಕ್ಕನ ಕಡೆ ನೋಡಿದ. "ಇಲ್ಲೇ ತಗೊಳ್ಳಿ."

ಬಂದವನ ಮುಖ ಸಪ್ಪಗಾಯಿತು. "ಇಲ್ಲೇನಾ?"

"ನಾನೇ ಹೊಲಿದದ್ದು. ಕಾಲು ಕಚ್ಚಲ್ಲ."

"ಎಲ್ಲರೂ ಇದನ್ನೇ ಹೇಳ್ತಾರೆ. ನೀವು ಹಾಗಲ್ಲ ಅಂತ ಓದಿ ಅಷ್ಟು ದೂರದಿಂದ ಬಂದೆ," ಎಂದು ಅವನು ಹೊರಟೇಬಿಟ್ಟ.

ತಯ್ಯಬ್‌ನಿಂದ ನೋಡಲಾಗಲಿಲ್ಲ. ಬೆಳಗಿನ ಉಪಕಾರ ಎದೆಯಲ್ಲಿ ಕುಳಿತಿತ್ತು. ಓಡಿಬಂದು ಗಿರಾಕಿಯ ತೋಳು ಹಿಡಿದ. "ಅಣ್ಣ, ನಾನೂ ಚಪ್ಪಲಿ ಮಾರೋನೇ. ದೇವರಾಣೆಗೂ ಹೇಳ್ತೀನಿ, ಈ ಬೀದೀಲಿ ಬುಶ್ತಾನಂಥ ಕೈ ಇನ್ನೊಂದಿಲ್ಲ. ನನ್ನ ಹತ್ರ ಬೇಡ, ಅವನ ಹತ್ರನೇ ತಗೊಳ್ಳಿ."

ಗಿರಾಕಿ ನಿಂತ. "ನಿಮ್ಮಂಗಡಿ ಯಾವುದು?"

"ಅಗೋ, ಎದುರಿಂದು."

"ನಿಮ್ಮಂಗಡಿ ಬಿಟ್ಟು ಇನ್ನೊಬ್ಬರ ಹತ್ರ ಕಳಿಸ್ತಿದ್ದೀರಾ?"

"ಹೌದಪ್ಪ, ಅವನದೇ ತಗೊಳ್ಳಿ."

ಗಿರಾಕಿಯ ಮುಖ ಅರಳಿತು. "ಹಾಗಾದ್ರೆ ಆ ಪ್ರಾಮಾಣಿಕ ನೀವೇ. ಯಾರೋ ವಿಳಾಸ ತಪ್ಪು ಬರೆದಿದ್ದಾರೆ."

ತಯ್ಯಬ್ ಬೇಡ ಬೇಡ ಎಂದಷ್ಟೂ ಗಿರಾಕಿಯ ನಂಬಿಕೆ ಗಟ್ಟಿಯಾಯಿತು. ಅಮ್ಮನಿಗೊಂದು, ಅತ್ತೆಗೊಂದು, ತನಗೊಂದು ಜೊತೆ ಎದುರಂಗಡಿಯಲ್ಲೇ ಕೊಂಡ. ಕಟ್ಟಿಕೊಡುವಾಗ ತಯ್ಯಬ್‌ನ ಕಣ್ಣು ತುಂಬಿತ್ತು. "ಕೇಳ್ಲಿಲ್ಲ ಕಣೋ ಬುಶ್ತಾ," ಎಂದ ಅಲ್ಲಿಂದಲೇ.

"ಗೊತ್ತು ಬಿಡು," ಎಂದ ಬುಶ್ತಾ.

ಝೋರಾ ಎದ್ದು ಅಂಗೈ ಚಾಚಿದಳು. ಅವನು ಬೀಗದಕೈಯನ್ನು ಅದರಲ್ಲಿಟ್ಟ.