ಮೂರನೆಯ ಪಟ್ಟೆಯ ಬಣ್ಣ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಬರೀ ಅರ್ಧ ಅಂಕ. ಪೂರ್ತಿ ಒಂದು ಅಂಕ ಹೋಗಿದ್ದರೆ ಸೆಡ್ರಿಕ್ ಪಾಡ್ಮೋರ್ ಹಾಳಾಗಿ ಹೋಗಲಿ ಎಂದು ಬಿಟ್ಟುಬಿಡುತ್ತಿದ್ದನೋ ಏನೋ. ಈ ಅರ್ಧ ಅಂಕ ಮಾತ್ರ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಹನ್ನೊಂದು ವರ್ಷದಿಂದ ಅವನನ್ನು ಕಾಡುತ್ತಿತ್ತು.

ಸೆಡ್ರಿಕ್ ವಿದರ್‌ಬೆಕ್ ಊರಿನ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಗುಮಾಸ್ತ. ಅದು ಹೊಟ್ಟೆಪಾಡು. ಅವನ ಜೀವ ಇದ್ದದ್ದು ಊರಿನ ಮಾದರಿ ವಾಹನ ಸಂಘದಲ್ಲಿ. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಅಂಗೈಯಗಲದ ಟ್ಯಾಂಕು ಮಾಡಿ, ಬಣ್ಣ ಬಳಿದು, ಅದರ ಮೇಲೆ ಧೂಳನ್ನೂ ಲೆಕ್ಕಹಾಕಿ ಉದುರಿಸುವ ಇಪ್ಪತ್ತಮೂರು ಗಂಡಸರ ಸಂಘ ಅದು. ಈ ಇಪ್ಪತ್ತಮೂರು ಮಂದಿ ದೇವರ ವಿಷಯದಲ್ಲಿ ಬೇಕಾದರೆ ರಾಜಿಯಾದಾರು, ಬಣ್ಣದ ವಿಷಯದಲ್ಲಿ ಸಾಧ್ಯವೇ ಇಲ್ಲ.

ಸೆಡ್ರಿಕ್ ಪ್ರತಿವರ್ಷ ಸ್ಪರ್ಧೆಗೆ ಇಡುತ್ತಿದ್ದದ್ದು ಒಂದೇ ಬಗೆಯ ಟ್ಯಾಂಕು. ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಆಫ್ರಿಕಾದ ಮರುಭೂಮಿಯಲ್ಲಿ ಓಡಾಡಿದ್ದು, ಮೈಮೇಲೆ ಮೂರು ಬಣ್ಣದ ಓರೆ ಪಟ್ಟೆ ಇದ್ದದ್ದು. ಮೊದಲ ಪಟ್ಟೆ ಮರಳಿನ ಬಣ್ಣ, ಎರಡನೆಯದು ಕಡುಬೂದು, ಇವೆರಡರಲ್ಲಿ ಯಾರದೂ ತಕರಾರಿಲ್ಲ. ಮೂರನೆಯದರ ಹತ್ತಿರ ಬಂದರೆ ಅರ್ಧ ಪುಸ್ತಕಗಳು ತಿಳಿನೀಲಿ ಎನ್ನುತ್ತವೆ, ಉಳಿದರ್ಧ ಹಸಿರು ಬೆರೆತ ಬೂದು ಎನ್ನುತ್ತವೆ. ಆ ಕಾಲದ ಫೋಟೋ ನೋಡೋಣವೆಂದರೆ ಎಲ್ಲ ಕಪ್ಪುಬಿಳುಪು. ಸೆಡ್ರಿಕ್ ನೀಲಿ ಪಕ್ಷ. ಸಂಘದ ತೀರ್ಪುಗಾರ ನೆವಿಲ್ ಸ್ಟಬ್ಸ್ ಬೂದು ಪಕ್ಷ. ಅಲ್ಲಿಗೆ ವರ್ಷವರ್ಷವೂ ಅರ್ಧ ಅಂಕ ಖೋತಾ, ಬೆಳ್ಳಿಯ ಬಟ್ಟಲು ಹಲ್ಲಿನ ಡಾಕ್ಟರ್ ಹಂಫ್ರಿಯ ಪಾಲು. ಹಂಫ್ರಿ ಮಾಡುತ್ತಿದ್ದದ್ದು ಹಿಮದಲ್ಲಿ ನಿಂತ ಟ್ಯಾಂಕು. ಬುಡದಿಂದ ತುದಿಯವರೆಗೆ ಬಿಳಿ. ಅದರಲ್ಲಿ ತಪ್ಪು ಹಿಡಿಯಲು ಯಾವನಿಂದ ಆದೀತು!

ಈ ಸಲ ಸೆಡ್ರಿಕ್ ತಡೆಯಲಾರದೆ ತುಂಬಿದ ಸಭೆಯಲ್ಲೇ ಪಂಥ ಕಟ್ಟಿದ್ದ.

"ಸ್ಪರ್ಧೆ ದಿನ ನೀಲಿ ಅನ್ನೋದಕ್ಕೆ ಸಾಕ್ಷಿ ತರ್ತೀನಿ, ನೆವಿಲ್. ಯುದ್ಧದಲ್ಲಿದ್ದವರ ಸಾಕ್ಷಿ. ತಂದ್ರೆ ನಿನ್ನ ತೀರ್ಪುಗಾರನ ಬಿಲ್ಲೆ ನನಗೆ."

"ತರದೇ ಹೋದ್ರೆ?"

"ಒಂದು ವರ್ಷ ಸಂಘದ ಟೀ ಕಪ್ಪೆಲ್ಲ ನಾನೇ ತೊಳೀತೀನಿ."

"ಎಲ್ಲಾರೂ ಕೇಳಿಸ್ಕೊಂಡ್ರಲ್ಲಪ್ಪಾ?" ಎಂದಿದ್ದ ನೆವಿಲ್. ಎಲ್ಲರೂ ಬೇಕೆಂದೇ ಇನ್ನೊಂದೊಂದು ಕಪ್ ಟೀ ಬಗ್ಗಿಸಿಕೊಂಡಿದ್ದರು.

ಸ್ಪರ್ಧೆಯ ಶನಿವಾರ ಬಂತು. ಸಾಕ್ಷಿ ಬಂದಿರಲಿಲ್ಲ. ಆದರೂ ಸೆಡ್ರಿಕ್‌ಗೆ ಧೈರ್ಯ ಕುಂದಿರಲಿಲ್ಲ. ನೀಲಿ ಎಂದರೆ ನೀಲಿಯೇ, ಸತ್ಯ ಎಲ್ಲಿದ್ದರೂ ಮಧ್ಯಾಹ್ನ ಮೂರು ಗಂಟೆಯೊಳಗೆ ಬಂದೇ ಬರುತ್ತದೆ ಎಂದು ನಂಬಿ ಅವನು ಮೊಟ್ಟೆ ತಿನ್ನುತ್ತಿದ್ದ.

"ಕೈ ಚಾಚು," ಎಂದಳು ಹೆಂಡತಿ ಮ್ಯೂರಿಯಲ್. ಮನೆಯಿಂದ ಹೊರಡುವ ಮುಂಚೆ ಗಂಡನ ಉಗುರು ನೋಡುವುದು ಅವಳ ಇಪ್ಪತ್ತಾರು ವರ್ಷದ ಪದ್ಧತಿ. "ಮತ್ತೆ ಬಣ್ಣ! ನಾಲ್ಕು ಜನ ಸೇರೋ ಜಾಗಕ್ಕೆ ಹೋಗ್ತೀಯಾ, ನೋಡಿದವರು ಏನಂದ್ಕೋತಾರೆ?" ಎನ್ನುತ್ತ ಕರವಸ್ತ್ರದ ಮೂಲೆಯನ್ನು ನಾಲಗೆಯಲ್ಲಿ ಒದ್ದೆ ಮಾಡಿ, ಕೂಸಿಗೆ ತಿಕ್ಕುವ ಹಾಗೆ ತಿಕ್ಕಿದಳು. "ಐದು ಗಂಟೆಗೆ ಸ್ಯಾಂಡ್‌ವಿಚ್ ತಗೊಂಡು ನಾನೂ ಬರ್ತೀನಿ. ಮಾನವಾಗಿರು."

ಸೆಡ್ರಿಕ್ ಹಿತ್ತಲಿಗೆ ಬಂದಾಗ ಬೇಲಿಯಾಚೆ ಪಕ್ಕದ ಮನೆಯ ಎಡ್ನಾ ಬಟ್ಟೆ ಒಣಹಾಕುತ್ತಿದ್ದಳು. ಊರಿನ ಯಾವ ಮನೆಯಲ್ಲಿ ಯಾವ ಪರದೆ ಬದಲಾಯಿತೆಂಬುದು ಆ ಮನೆಯವರಿಗಿಂತ ಮೊದಲು ಎಡ್ನಾಗೆ ಗೊತ್ತಾಗುತ್ತಿತ್ತು.

"ಮಿಸ್ಟರ್ ಪಾಡ್ಮೋರ್, ನಿಮ್ಮ ಟ್ಯಾಂಕಿನ ಜಗಳ ಮುಗೀತಾ? ನಿನ್ನೆ ಡೋರೀನ್ ಲಮ್ ಮನೇಗೆ ಹೋಗಿದ್ದೆ ನೋಡಿ. ಅವರಪ್ಪ ಪರ್ಸಿ ಒಂದು ಚಿತ್ರ ಬರೆದು ಒಲೆ ಮೇಲ್ಗಡೆ ತಗಲಾಕಿದ್ದಾರೆ. ಮರಳುಗಾಡಲ್ಲಿ ತಾವು ಓಡಿಸ್ತಿದ್ದ ಟ್ಯಾಂಕಂತೆ. ಮೈತುಂಬ ಪಟ್ಟೆ!"

ಸೆಡ್ರಿಕ್ ಬೇಲಿಯ ಮೇಲೆ ಮುಕ್ಕಾಲು ಭಾಗ ಬಗ್ಗಿಬಿಟ್ಟ. "ಯಾವ ಬಣ್ಣದ ಪಟ್ಟೆ?"

"ಯಾವುದೋ ಮೂರು. ಒಂದು ನಮ್ಮ ಬಚ್ಚಲಮನೆ ಟೈಲ್ಸ್ ಥರ ನೀಲಿ."

ಬಗ್ಗಿದ ರಭಸಕ್ಕೆ ಸೆಡ್ರಿಕ್‌ನ ಕನ್ನಡಕ ಅವಳ ಹುಲ್ಲಿನೊಳಗೆ ಬಿತ್ತು. "ಅಯ್ಯೋ, ಇರಿ ಇರಿ, ನಾನು ಹುಡುಕಿಕೊಡ್ತೀನಿ," ಎಂದು ಎಡ್ನಾ ಓಡಿಬಂದಳು. ಹುಡುಕಿಯೂ ಕೊಟ್ಟಳು, ಕಾಲಿನಿಂದ. ಎರಡು ಗಾಜೂ ಪುಡಿಪುಡಿ. ಬೇರೆ ದಿನವಾಗಿದ್ದರೆ ಸೆಡ್ರಿಕ್ ಅತ್ತೇಬಿಡುತ್ತಿದ್ದ. ಇವತ್ತು ಖಾಲಿ ಫ್ರೇಮನ್ನು ಜೇಬಿಗಿಳಿಸಿ, "ಥ್ಯಾಂಕ್ಸ್ ಎಡ್ನಾ, ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದು ಮಾದರಿಯ ಡಬ್ಬಿಯನ್ನು ಕಂಕುಳಲ್ಲಿ ಹಿಡಿದು ಓಡಿದ.

ಡೋರೀನ್ ಮನೆಯಲ್ಲಿ ಚಿತ್ರಕ್ಕೆ ಮೂಗು ತಾಗಿಸಿ ನೋಡಿದ. ಮರಳು ಬಣ್ಣ, ಕಡುಬೂದು, ಆಮೇಲೆ ಸಾಕ್ಷಾತ್ ತಿಳಿನೀಲಿ! ಕೆಳಗೆ 'ಪಿ. ಲಮ್, ಟ್ಯಾಂಕ್ ಚಾಲಕ' ಎಂದು ಸಹಿ ಬೇರೆ. ಸೆಡ್ರಿಕ್ ಡೋರೀನ್ ಕಡೆ ತಿರುಗಿದ.

"ಮಿಸ್ಟರ್ ಲಮ್ ಎಲ್ಲಿ?"

"ಅಪ್ಪ ಚೆಂಡಾಟಕ್ಕೆ ಹೋಗಿದ್ದಾರೆ, ಮೂರು ಗಂಟೆವರೆಗೂ ಬರಲ್ಲ. ಬೇಕಾದ್ರೆ ಚಿತ್ರ ತಗೊಂಡ್ಹೋಗಿ," ಎಂದಳು ಡೋರೀನ್. ಸೆಡ್ರಿಕ್ ಕೈಚಾಚಿದ. ಅವಳು ಅಡ್ಡ ನಿಂತಳು. "ಸುಮ್ನೆ ಅಲ್ಲ. ಹಿತ್ತಲ ಬಾಗಿಲಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ, ಕಲ್ಲಿದ್ದಲು ಹಾಕೋದು. ಬಣ್ಣ ಚಕ್ಕೆಚಕ್ಕೆ ಎದ್ದು ನೋಡಕ್ಕಾಗ್ತಿಲ್ಲ. ಅಪ್ಪ ನಾಳೆ ಕೆರೀತೀನಿ, ನಾಡಿದ್ದು ಕೆರೀತೀನಿ ಅಂತ ನನ್ನ ಮದುವೆಗೂ ಮುಂಚಿಂದ ಹೇಳ್ತಿದ್ದಾರೆ. ನಿಮಗೆ ಬಣ್ಣದ ಕೆಲಸ ಚೆನ್ನಾಗಿ ಬರುತ್ತಂತಲ್ಲ? ಕೆರೆದು ಹಸಿರು ಬಳಿದುಕೊಡಿ."

ಚಿತ್ರಕ್ಕಾಗಿ ಸೆಡ್ರಿಕ್ ಆ ಮನೆಯ ಚಾವಣಿಯನ್ನೂ ಹೊದಿಸಿಕೊಡುತ್ತಿದ್ದ. ಕೋಟು ಬಿಚ್ಚಿ ಕುಳಿತ. ಮೊದಲು ಹಸಿರು ಪದರ ಹೋಯಿತು. ಅದರ ಕೆಳಗೆ ಕೆಂಪು. ಅದರ ಕೆಳಗೆ ಬಿಳಿ. ಧೂಳೆದ್ದು ಸೀನು ಬಂತು. ಕನ್ನಡಕವಿಲ್ಲದ ಕಣ್ಣಿಗೆ ಮೊಳದಾಚೆಯದೆಲ್ಲ ಮಂಜು, ಮೊಳದೀಚೆಯದು ಆ ಧೂಳಿನಲ್ಲಿ ಇನ್ನೂ ಮಂಜು. ಬಿಳಿಯ ಕೆಳಗೆ ಏನೋ ಮಸುಕು ಬಣ್ಣದ ಇನ್ನೊಂದು ಪದರವಿತ್ತು. ಅದು ಜಪ್ಪಯ್ಯ ಅಂದರೂ ಬಿಡಲೊಲ್ಲದು.

"ಡೋರೀನ್, ತಳದ ಪದರ ಗಟ್ಟಿ ಇದೆ. ಇದರ ಮೇಲೇ ಬಳಿದುಬಿಡ್ಲಾ?"

"ಆಗಲ್ಲ, ಆಗಲ್ಲ. ತಗಡು ಕಾಣಬೇಕು. ಚಿತ್ರ ಬೇಕೋ ಬೇಡ್ವೋ?"

ಬೇಕಿತ್ತು. ತೋಳಿನ ಬಲವನ್ನೆಲ್ಲ ಹಾಕಿ ತಿಕ್ಕಿದ. ಆ ದರಿದ್ರ ಬಣ್ಣಕ್ಕೂ ಅದನ್ನು ಬಳಿದವನ ವಂಶಕ್ಕೂ ಮನಸಾರೆ ಶಾಪ ಹಾಕಿದ. ಒಂದೂವರೆ ಗಂಟೆಯಲ್ಲಿ ತಗಡು ಕನ್ನಡಿಯಂತೆ ಹೊಳೆಯಿತು. ಕೆರೆದ ಪುಡಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುವ ಹೊತ್ತಿಗೆ ಕಸದ ಲಾರಿ ಬೀದಿ ದಾಟುತ್ತಿತ್ತು. ಡೋರೀನ್ ಹೇಳುವ ಮುಂಚೆಯೇ ಸೆಡ್ರಿಕ್ ಲಾರಿಯ ಹಿಂದೆ ಓಡಿ ಪೊಟ್ಟಣವನ್ನು ಒಳಕ್ಕೆಸೆದು ಬಂದ. ಅಷ್ಟು ಹುರುಪು! ಹಸಿರು ಬಳಿದು, ಕೈ ತೊಳೆದು, ಚಿತ್ರವನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಾಗ ಎರಡೂ ಮುಕ್ಕಾಲು.

ಚರ್ಚಿನ ಸಭಾಂಗಣದಲ್ಲಿ ನೆವಿಲ್ ಆಗಲೇ ಟಾರ್ಚು, ಭೂತಗನ್ನಡಿ ಹಿಡಿದು ಮೇಜಿನಿಂದ ಮೇಜಿಗೆ ಸಾಗುತ್ತಿದ್ದ. ಸೆಡ್ರಿಕ್ ಟ್ಯಾಂಕನ್ನು ಮೇಜಿನ ಮೇಲಿಟ್ಟ.

"ಚೆನ್ನಾಗಿದೆ ಕಣಯ್ಯ," ಎಂದ ನೆವಿಲ್. "ಸರಪಳಿ ಚೆನ್ನಾಗಿದೆ, ಧೂಳು ಚೆನ್ನಾಗಿದೆ. ಮೂರನೇ ಪಟ್ಟೆ ಮಾತ್ರ..." ಅವನ ಪೆನ್ಸಿಲ್ಲು ಅರ್ಧ ಅಂಕದ ಕಡೆ ಹೊರಟಿತು.

"ನಿಲ್ಲಿಸು!" ಎಂದು ಸೆಡ್ರಿಕ್ ಹೊದಿಕೆ ಸರಿಸಿದ. "ಮರುಭೂಮಿಯಲ್ಲಿ ಈ ಟ್ಯಾಂಕಿನೊಳಗೆ ಕೂತು ಓಡಿಸಿದವರು ತಮ್ಮ ಕೈಯಾರೆ ಬರೆದ ಚಿತ್ರ. ಸಹಿ ನೋಡು. ಬಣ್ಣ ನೋಡು. ಈಗ ಹೇಳಪ್ಪ."

ಇಪ್ಪತ್ತೆರಡು ತಲೆಗಳು ಚಿತ್ರದ ಮೇಲೆ ಬಗ್ಗಿದವು. ನೆವಿಲ್ ಟಾರ್ಚು ಹಾಕಿ ಹಿಂದೆ ಮುಂದೆ ನೋಡಿದ. ಅವನ ಕೆಂಪು ಮುಖ ಬೂದುಬಣ್ಣಕ್ಕೆ ತಿರುಗಿತು. ಆದರೆ ಮನುಷ್ಯ ಒಳ್ಳೆಯವನು, ಮಾತಿಗೆ ತಪ್ಪುವವನಲ್ಲ.

"ಅಲ್ಲಿದ್ದವರೇ ನೀಲಿ ಅಂದಮೇಲೆ ನಾನ್ಯಾವನು?" ಎಂದು ತೀರ್ಪುಗಾರನ ಬಿಲ್ಲೆ ಬಿಚ್ಚಿ ಸೆಡ್ರಿಕ್‌ನ ಎದೆಗೆ ಚುಚ್ಚಿದ. ಅರ್ಧ ಅಂಕ ಬರೆದ. ಹಂಫ್ರಿಯ ಮುಖ ಅವನ ಟ್ಯಾಂಕಿನಂತೆ ಬೆಳ್ಳಗಾಯಿತು. ಎಲ್ಲ ಮೇಜುಗಳ ಅಂಕ ಕೂಡಿಸಿ ಮುಗಿಸುವಾಗ ನಾಲ್ಕೂವರೆ; ಬೆಳ್ಳಿಯ ಬಟ್ಟಲು ಹನ್ನೊಂದು ವರ್ಷಗಳ ಬಳಿಕ ಸೆಡ್ರಿಕ್‌ನ ಕೈಗೆ ಬಂತು. ಎಷ್ಟು ತೂಕವಿತ್ತು ಅದು! ಅವನ ಕಣ್ಣು ತುಂಬಿತು. ಸೋತವನ ಕೆಲಸ ಇನ್ನು ತನ್ನದೇ ಎಂದು ನೆವಿಲ್ ಅಂಗಿಯ ತೋಳು ಮಡಚಿ ಟೀ ಕಪ್ಪು ತೊಳೆಯಲು ಹೋದ.

ಈ ಸುಖ ಒಂಬತ್ತು ನಿಮಿಷ ಇತ್ತು. ಹತ್ತನೆಯ ನಿಮಿಷಕ್ಕೆ ಬಾಗಿಲು ತೆರೆದು ಡೋರೀನ್ ತನ್ನ ಅಪ್ಪನನ್ನು ಕರೆದುಕೊಂಡು ಬಂದಳು. ಕೋಲೂರುತ್ತ ಬಂದ ಪರ್ಸಿ ಲಮ್, "ನನ್ನ ಚಿತ್ರಕ್ಕೆ ಇಷ್ಟು ಜನಾನಾ?" ಎಂದು ಬೆರಗಾದ.

"ಬನ್ನಿ ಬನ್ನಿ ಮಿಸ್ಟರ್ ಲಮ್!" ಸೆಡ್ರಿಕ್ ಅವನನ್ನು ಸಭಾಂಗಣದ ಮಧ್ಯಕ್ಕೆ ಎಳೆತಂದ. "ಇವರಿಗೆಲ್ಲ ಹೇಳಿ. ನಲವತ್ತಾರು ವರ್ಷ ಆ ನೀಲಿ ಹೇಗೆ ಜ್ಞಾಪಕ ಇಟ್ಕೊಂಡ್ರಿ?"

"ಜ್ಞಾಪಕಾನಾ?" ಪರ್ಸಿ ನಕ್ಕ. "ಬೆಳಿಗ್ಗೆ ಏನು ತಿಂದೆ ಅಂತ್ಲೇ ಜ್ಞಾಪಕ ಇಲ್ಲ ಮಗಾ. ಡಾಕ್ಟರ್ ಹೇಳಿದ್ರು, ಏನಾದ್ರೂ ಹವ್ಯಾಸ ಇಟ್ಕೋ ಅಂತ. ಟ್ಯಾಂಕ್ ಬರೆಯೋಕೆ ಕೂತೆ, ಬಣ್ಣ ಹಾಳಾದ್ದು ನೆನಪಿಗೇ ಬರಲಿಲ್ಲ. ಲೈಬ್ರರೀಲಿ ಪೇಪರ್ ಓದೋ ಮೇಜಿನ ಪಕ್ಕ ಗಾಜಿನ ಪೆಟ್ಟಿಗೇಲಿ ಒಂದು ಪುಟಾಣಿ ಟ್ಯಾಂಕ್ ಇಟ್ಟಿದ್ದಾರಲ್ಲ, ಮೂರು ದಿನ ಅದರ ಮುಂದೆ ಕೂತು ನೋಡ್ಕೊಂಡು ಬರೆದೆ. ಮಾಡಿದವನು ತಿಳ್ಕೊಂಡೇ ಮಾಡಿರ್ತಾನೆ ಬಿಡು ಅಂದ್ಕೊಂಡೆ. ಅವನ ಹೆಸರೂ ಹಾಕಿದ್ರು. ಪಾಡ್... ಪಾಡ್ಮೋರೋ ಏನೋ."

ಇಪ್ಪತ್ತೆರಡು ತಲೆಗಳು ಸೆಡ್ರಿಕ್ ಕಡೆ ತಿರುಗಿದವು. ಲೈಬ್ರರಿಯವರು ಮೂರು ವರ್ಷದ ಹಿಂದೆ ಕೇಳಿ ಪಡೆದು ಇಟ್ಟ ಟ್ಯಾಂಕು ಅದು. ಆವತ್ತು ಸೆಡ್ರಿಕ್ ಇಡೀ ಡಿಪೋಗೆ ಕೇಕು ಹಂಚಿದ್ದ.

ನೆವಿಲ್ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ. "ಅಲ್ಲಯ್ಯಾ ಸೆಡ್ರಿಕ್, ನಿನ್ನ ಸಾಕ್ಷಿ ನೀನೇನಾ?" ಎಂದು ಬಿಲ್ಲೆಯನ್ನು ಮೆಲ್ಲಗೆ ಬಿಡಿಸಿಕೊಂಡ. ಹಂಫ್ರಿ ಬಟ್ಟಲನ್ನು ಅಷ್ಟು ಮೆಲ್ಲಗೆ ಬಿಡಿಸಿಕೊಳ್ಳಲಿಲ್ಲ.

ಪರ್ಸಿಗೆ ಪಾಪ ಅನ್ನಿಸಿತು. "ಬಣ್ಣ ತಿಳೀಬೇಕು ಅಂದ್ರೆ ಚಿತ್ರ ಯಾಕೆ ಮಗಾ? ನನ್ನ ಟ್ಯಾಂಕಿನ ಸಾಮಾನು ಪೆಟ್ಟಿಗೇನೇ ಹಿತ್ತಲ ಬಾಗಿಲಲ್ಲಿದೆ. ಯುದ್ಧ ಮುಗಿದಾಗ ಕಾಲುಚೀಲ ತುಂಬ್ಕೊಂಡು ತಂದದ್ದು. ಮೂರನೇ ಪಟ್ಟೆ ಸರಿಯಾಗಿ ಅದರ ಮೇಲೇ ಹೋಗಿತ್ತು. ನಾನು ಸೋಮಾರಿ ನೋಡು, ಒಂದು ಸಲಾನೂ ಕೆರೀಲಿಲ್ಲ, ಮೇಲೆ ಮೇಲೆ ಬಳೀತಾ ಹೋದೆ. ತಳದಲ್ಲಿ ಸೈನ್ಯದವರ ಬಣ್ಣ ಹಾಗೇ ಇದೆ."

"ಇನ್ನೆಲ್ಲಿದೆ?" ಎಂದಳು ಡೋರೀನ್ ಹೆಮ್ಮೆಯಿಂದ. "ಮಿಸ್ಟರ್ ಪಾಡ್ಮೋರ್ ಬೆಳಿಗ್ಗೆ ಎಷ್ಟು ಚೆನ್ನಾಗಿ ಕೆರೆದ್ರು ಗೊತ್ತಾ ಅಪ್ಪ? ಒಂದು ಚೂರೂ ಬಿಡಲಿಲ್ಲ. ಪುಡೀನೂ ಓಡಿಹೋಗಿ ಕಸದ ಲಾರಿಗೆ ಹಾಕಿ ಬಂದ್ರು."

ಸೆಡ್ರಿಕ್ ಕೈಗೆ ಸಿಕ್ಕ ಕುರ್ಚಿಯ ಮೇಲೆ ಕುಸಿದ. ನೆವಿಲ್ ಅವನ ಎರಡೂ ಭುಜ ಹಿಡಿದು ಅಲುಗಿಸಿದ. ಅವನಿಗೂ ಈಗ ಪಂಥ ಮರೆತುಹೋಗಿತ್ತು.

"ತಳದ ಪದರ ಯಾವ ಬಣ್ಣ ಇತ್ತೋ ಮಾರಾಯ? ಹೇಳೋ!"

"ಕನ್ನಡಕ ಇರಲಿಲ್ಲ," ಎಂದ ಸೆಡ್ರಿಕ್ ಅಳುದನಿಯಲ್ಲಿ. "ದರಿದ್ರ ಬಣ್ಣ ಅಂತ ಬೈದದ್ದಷ್ಟೇ ಗೊತ್ತು."

"ಕೈ ತೋರಿಸು!"

ಹತ್ತೂ ಬೆರಳುಗಳನ್ನು ಮೇಜಿನ ಮೇಲೆ ಹರಡಿದರು. ಟಾರ್ಚು ಬಂತು, ಭೂತಗನ್ನಡಿ ಬಂತು. ಒಂಬತ್ತು ಉಗುರು ಚೊಕ್ಕಟ. ಬಲಗೈಯ ತೋರುಬೆರಳಿನ ಉಗುರಿನಡಿ, ಸಾಸಿವೆಯ ಕಾಲುಭಾಗದಷ್ಟು, ಏನೋ ಒಂದು ಚೂರಿತ್ತು.

"ನೀಲಿ!" ಎಂದ ಒಬ್ಬ.

"ಬೂದು ಕಣೋ!" ಎಂದ ಇನ್ನೊಬ್ಬ.

"ಸುಮ್ನಿರ್ರೋ!" ನೆವಿಲ್ ಗುಡುಗಿದ. "ಈ ದೀಪದಲ್ಲಿ ಯಾವುದೂ ಗೊತ್ತಾಗಲ್ಲ. ಕಿಟಕಿ ಹತ್ತಿರ ಬಿಸಿಲಿಗೆ ಹಿಡೀರಿ. ಬೆರಳು ಅಲುಗಿಸಬೇಡ ಸೆಡ್ರಿಕ್, ಉಸಿರೂ ಬಿಡಬೇಡ. ಇದು ನೀಲಿಯಾದ್ರೆ ಬಿಲ್ಲೆ, ಬಟ್ಟಲು ಎರಡೂ ನಿನ್ನದು. ದೇವರಾಣೆ!"

ಸೆಡ್ರಿಕ್‌ಗೆ ಹೋದ ಜೀವ ಬಂತು. ಬೆರಳನ್ನು ನೆಟ್ಟಗೆ ಎತ್ತಿ, ದೀಪ ಹೊತ್ತವನ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತ ಕಿಟಕಿಯತ್ತ ನಡೆದ. ಇಪ್ಪತ್ತೆರಡು ಜನ ಉಸಿರು ಬಿಗಿಹಿಡಿದು ಹಿಂದೆ ನಡೆದರು. ಕಿಟಕಿಗೆ ಇನ್ನೆರಡು ಹೆಜ್ಜೆ ಇತ್ತು. ಗೋಡೆ ಗಡಿಯಾರ ಐದು ಹೊಡೆಯಿತು. ಬದಿಯ ಬಾಗಿಲಿನಿಂದ ಸ್ಯಾಂಡ್‌ವಿಚ್ಚಿನ ತಟ್ಟೆ ಹಿಡಿದು ಮ್ಯೂರಿಯಲ್ ಒಳಗೆ ಬಂದಳು. ಗಂಡ ಇಡೀ ಊರಿನೆದುರು ಎತ್ತಿ ಹಿಡಿದಿದ್ದ ಬೆರಳು ಅವಳ ಕಣ್ಣಿಗೆ ಬಿತ್ತು.

"ಥೂ, ಸೆಡ್ರಿಕ್! ಇಷ್ಟು ಜನರೆದುರು! ಬೆಳಿಗ್ಗೆ ತಾನೇ ಹೇಳಿದ್ನಲ್ಲ?"

ಇಪ್ಪತ್ತೆರಡು ಗಂಟಲುಗಳು "ಬೇಡಾ!" ಎಂದು ಕೂಗುವಷ್ಟರಲ್ಲಿ ಕರವಸ್ತ್ರದ ಮೂಲೆ ನಾಲಗೆಗೆ ಹೋಗಿ ಉಗುರಿಗೆ ಬಂದಿತ್ತು. ಒಂದು ತಿರುವು, ಎರಡು ತಿರುವು. ಮ್ಯೂರಿಯಲ್ ಕರವಸ್ತ್ರ ಬಿಡಿಸಿ ನೋಡಿ, ಮೂಗು ಮುರಿದು, ಪಕ್ಕದಲ್ಲಿ ಕಪ್ಪು ತೊಳೆಯಲು ಇಟ್ಟಿದ್ದ ಬೋಸಿಯ ಸಾಬೂನು ನೀರಿಗೆ ಅದ್ದಿ ಹಿಂಡಿಬಿಟ್ಟಳು.

"ಹ್ಞಾ, ಈಗ ಸರಿಹೋಯ್ತು," ಎಂದಳು. "ಏನು, ಎಲ್ಲಾರೂ ಹೀಗೆ ನಿಂತ್ಬಿಟ್ರಿ? ಸ್ಯಾಂಡ್‌ವಿಚ್ ತಗೊಳ್ಳಿ."

ಯಾರೂ ತೆಗೆದುಕೊಳ್ಳಲಿಲ್ಲ. ನೆವಿಲ್ ಗೋಡೆಯ ಮೊಳೆಯಿಂದ ಏಪ್ರನ್ ಇಳಿಸಿ ಸೆಡ್ರಿಕ್‌ನ ಕೊರಳಿಗೆ ಕಟ್ಟಿದ. ಸೆಡ್ರಿಕ್ ತೋಳು ಮಡಚಿಕೊಂಡು ಮೊದಲನೆಯ ಕಪ್ಪನ್ನು ಕೈಗೆತ್ತಿಕೊಂಡ. ಅದರ ಅಂಚಿನಲ್ಲಿ ತೆಳ್ಳಗಿನ ಒಂದು ಪಟ್ಟೆಯಿತ್ತು.

"ನೆವಿಲ್," ಎಂದ ಅವನು ಬೆನ್ನು ತಿರುಗಿಸಿಯೇ. "ಈ ಕಪ್ಪಿನ ಪಟ್ಟೆ ನೋಡು. ನೀಲಿ ತಾನೇ?"

"ಬೂದು," ಎಂದ ನೆವಿಲ್. "ತೊಳಿ."