ಅಲ್ಲಿನ ಅಪ್ಪ

"ಅಪ್ಪ ನನ್ನ ರೂಮಿಗೆ ಪುಸ್ತಕದ ಕಪಾಟು ಮಾಡಿಕೊಟ್ರು" ಎಂದು ಮಗಳು ಫೋನಿನ ಪರದೆಯಲ್ಲಿ ಹಿಗ್ಗುತ್ತಿದ್ದಾಗ ಕನ್ನಡಕದಂಗಡಿಯವರಿಗೆ ತಲೆಬುಡ ತಿಳಿಯಲಿಲ್ಲ.

"ನಾನೆಲ್ಲಿ ಮಾಡಿದೆನೇ?"

"ನೀನಲ್ಲಪ್ಪ. ಇಲ್ಲಿನ ಅಪ್ಪ."

ಅವರ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡದ್ದು ಆಗಲೇ. ಮಗಳು ಹೈಸ್ಕೂಲಿನ ಒಂದು ವರ್ಷವನ್ನು ಪರದೇಶದಲ್ಲಿ ಓದಲು ಹೋಗಿದ್ದಳು. ಎರಡು ಶಾಲೆಗಳು ಸೇರಿ ಮಾಡಿದ ಏರ್ಪಾಡು ಅದು. ಇವರ ಮಗಳು ಅವರ ಮನೆಯಲ್ಲಿ, ಅವರ ಮಗಳು ಇವರ ಮನೆಯಲ್ಲಿ, ವರ್ಷ ಮುಗಿದ ಮೇಲೆ ಯಾರ ಮಕ್ಕಳು ಅವರವರಿಗೆ. ಮಗಳು ಆ ಮನುಷ್ಯನನ್ನು ಮೊದಲು 'ಇಲ್ಲಿನ ಅಂಕಲ್' ಎನ್ನುತ್ತಿದ್ದಳು. ಆಮೇಲೆ ಆತ 'ಇಲ್ಲಿನ ಅಪ್ಪ' ಆದ. ಈಗ ಮೊದಲಿನ 'ಇಲ್ಲಿನ' ಕೂಡ ಉದುರಿಹೋಗಿ ಬರೀ ಅಪ್ಪನೇ ಆಗಿಬಿಟ್ಟಿದ್ದ. ಆತ ಬೆಳಗಿನ ಜಾವ ಎದ್ದು ಅವಳನ್ನು ಓಡಲು ಕರೆದುಕೊಂಡು ಹೋಗುತ್ತಾನಂತೆ. ಬ್ರೆಡ್ಡನ್ನು ಮನೆಯಲ್ಲಿ ತಾನೇ ಮಾಡುತ್ತಾನಂತೆ. ಈಗ ನೋಡಿದರೆ ಬಡಗಿ ಕೆಲಸ ಬೇರೆ. ಇತ್ತ ಆತನ ಸ್ವಂತ ಮಗಳು ಇವರ ಮನೆಯಲ್ಲೇ ಉಂಡು, ಇವರ ಮನೆಯಲ್ಲೇ ಮಲಗಿ, ಇವರನ್ನು ಇವತ್ತಿಗೂ ಅಂಕಲ್ ಎಂದೇ ಕರೆಯುತ್ತಿದ್ದಳು. ಇದು ಯಾವ ಸೀಮೆ ನ್ಯಾಯ?

"ಅವನಿಗೆ ಮಾಡೋಕೆ ಬೇರೆ ಕೆಲಸ ಇಲ್ವಾ?" ಎಂದು ಫೋನ್ ಇಟ್ಟ ಮೇಲೆ ಹೆಂಡತಿಯನ್ನು ಕೇಳಿದರು.

"ನಿಮಗೆ ಹೊಟ್ಟೆಕಿಚ್ಚು ಕಣ್ರೀ" ಎಂದರು ಆಕೆ.

"ನನಗಾ? ನನಗ್ಯಾಕೆ ಹೊಟ್ಟೆಕಿಚ್ಚು?" ಎಂದು ಹೇಳಿದವರು ಅಷ್ಟರಲ್ಲೇ ಒಂದು ನಿರ್ಧಾರಕ್ಕೆ ಬಂದಿದ್ದರು. ನಾಳೆ ಭಾನುವಾರ, ಅಂಗಡಿಗೆ ರಜೆ. ಆತ ತಿಂಗಳುಗಟ್ಟಲೆ ಮಾಡಿದ್ದನ್ನೆಲ್ಲ ಒಂದೇ ದಿನದಲ್ಲಿ ಮಾಡಿ ಮುಗಿಸಬೇಕು. ಸಂಜೆ ಆ ಹುಡುಗಿ ತನ್ನ ಮನೆಯವರೊಂದಿಗೆ ಮಾತಾಡುವಾಗ ಇವರನ್ನೂ ಅಪ್ಪ ಎನ್ನಬೇಕು. ಅದನ್ನು ಕೇಳಿ ಆತನ ಹೊಟ್ಟೆ ಧಗಧಗ ಉರಿಯಬೇಕು. ಆತನ ಪಕ್ಕದಲ್ಲಿ ಕೂತ ತಮ್ಮ ಮಗಳೂ ಅದನ್ನು ಕೇಳಬೇಕು. ಮುಖ್ಯವಾಗಿ ಅವಳು ಕೇಳಬೇಕು.

ಭಾನುವಾರ ಬಿಸಿಲು ಮುಖಕ್ಕೆ ಬೀಳುವ ತನಕ ಕಣ್ಣು ಬಿಡದ ಮನುಷ್ಯ ಅಂದು ಹಕ್ಕಿಗಳಿಗಿಂತ ಮೊದಲೇ ಎದ್ದು ಹುಡುಗಿಯ ಕೋಣೆಯ ಬಾಗಿಲು ಬಡಿದರು. ಹುಡುಗಿ ಪುಸ್ತಕ ನೋಡಿಕೊಂಡು ಇಲ್ಲಿನ ಮಾತು ಕಲಿತವಳು. ಕೂದಲು ಕೆದರಿಕೊಂಡು ಹೊರಗೆ ಬಂದು, "ಅಂಕಲ್, ಮನೆಗೆ ಬೆಂಕಿ ಬಿದ್ದಿದೆಯೇ?" ಎಂದು ಕೇಳಿದಳು.

"ಇಲ್ಲಮ್ಮ. ಓಡೋಕೆ ಹೋಗೋಣ, ನಡಿ."

ಹುಡುಗಿಯ ಮುಖ ಇಳಿದುಹೋಯಿತು. ಅದನ್ನು ಅವರು ನಿದ್ದೆಗಣ್ಣು ಎಂದುಕೊಂಡರು.

ಮೆಟ್ಟಿಲಿಳಿಯುವಾಗ ಕೆಳಮನೆಯ ಡ್ರಿಲ್ ಮೇಷ್ಟ್ರು ಎದುರಾದರು. ಮೇಷ್ಟ್ರು ನಿವೃತ್ತರಾಗಿದ್ದರೂ ಅವರ ಕೊರಳಿನ ಸೀಟಿ ನಿವೃತ್ತಿಯಾಗಿರಲಿಲ್ಲ.

"ಓಟಾನಾ? ಹಾಗೆಲ್ಲ ಮನಸ್ಸಿಗೆ ಬಂದಂಗೆ ಓಡಬಾರದು ಕಣ್ರೀ. ನಾನೂ ಬರ್ತೀನಿ."

ಮೇಷ್ಟ್ರ ಸೀಟಿಗೆ ಬೀದಿಯ ನಾಯಿಗಳೆಲ್ಲ ಎದ್ದವು. ಮೂಲೆಮನೆಯ ತನಕ ಕನ್ನಡಕದಂಗಡಿಯವರು ಚೆನ್ನಾಗಿಯೇ ಓಡಿದರು. ಅಲ್ಲಿಂದ ಮುಂದೆ ನಾಯಿಗಳು ಓಡಿಸಿದವು. ಬಸ್ ನಿಲ್ದಾಣ ಬರುವ ಹೊತ್ತಿಗೆ ಅವರ ಪಕ್ಕೆ ಹಿಡಿದು, ನಾಲಗೆ ಹೊರಗೆ ಬಂದು, ಕನ್ನಡಕ ಬೆವರಿಗೆ ಜಾರಿ ತುಟಿಯ ಮೇಲೆ ನಿಂತಿತ್ತು. ಅಷ್ಟರಲ್ಲಿ ಒಂದು ಬಸ್ಸು ಬಂತು. ಅದು ಯಾವ ಕಡೆಗೆ ಹೋಗುತ್ತದೆ ಎಂದು ನೋಡುವಷ್ಟು ಚೈತನ್ಯವೂ ಇಲ್ಲದೆ ಅವರು ಹತ್ತಿ ಕೂತರು. ಹುಡುಗಿ ಹಿಂದೆಯೇ ಹತ್ತಿದಳು. ಬಸ್ಸು ಹೊರಟಾಗ ಮೇಷ್ಟ್ರು ಸೀಟಿ ಊದುತ್ತಾ ಅದರ ಪಕ್ಕದಲ್ಲೇ ಓಡಿಬರುತ್ತಿದ್ದರು. ಬಸ್ಸು ಊರಾಚೆಯ ಡಿಪೋದಲ್ಲಿ ನಿಂತಿತು, ಅಲ್ಲಿಂದ ವಾಪಸ್ ನಡೆಯಬೇಕಾಯಿತು.

ಮನೆಗೆ ಬಂದವರು ಸುಧಾರಿಸಿಕೊಳ್ಳದೆ ನೇರ ಅಡುಗೆಮನೆಗೆ ನುಗ್ಗಿದರು.

"ನನ್ನ ಅಡುಗೆಮನೇಲಿ ನಿಮಗೇನು ಕೆಲಸ?" ಎಂದು ಹೆಂಡತಿ ಕೇಳಿದರು.

"ಬ್ರೆಡ್ ಮಾಡ್ತೀನಿ."

"ಯಾಕೆ, ಅಂಗಡೀಲಿ ಸಿಗಲ್ವಾ?"

"ಸಿಗುತ್ತೆ ಕಣೇ. ಅವನಿಗೂ ಸಿಗುತ್ತೆ."

ಹಿಟ್ಟು ಕಲಸಿ, ಬಡಿದು, ಹುದುಗು ಬರಲು ಬಿಸಿಲಿಗಿಟ್ಟರು. ಹುದುಗು ಬರಲಿಲ್ಲ. ಹಾಗೇ ಓವನ್ನಿನಲ್ಲಿಟ್ಟರು. ಅದು ಹೊರಗೆ ಬಂದಾಗ ಹೆಂಡತಿ ಚಾಕು ಹಾಕಿ ನೋಡಿದರು, ಚಾಕು ಬಾಗಿತು. ಅಷ್ಟು ಹೊತ್ತಿಗೆ, ಬಸ್ಸು ಹತ್ತಿದ್ದು ಶಿಸ್ತಿನ ಉಲ್ಲಂಘನೆ ಎಂದು ಹೇಳಲು ಮೇಷ್ಟ್ರು ಮೇಲೆ ಬಂದರು. ಬಿಸಿ ಬ್ರೆಡ್ ಕಂಡ ಮೇಲೆ ಬಂದ ವಿಷಯ ಮರೆತು, "ಗಟ್ಟಿ ಪದಾರ್ಥ ತಿಂದ್ರೇ ಮೈ ಗಟ್ಟಿಯಾಗೋದು" ಎಂದು ಒಂದು ಅಂಚನ್ನು ಬಲವಾಗಿ ಕಚ್ಚಿ ಎಳೆದರು. ಬ್ರೆಡ್ಡು ಕೈಗೆ ಬಂತು. ಜೊತೆಯಲ್ಲಿ ಅವರ ಮೇಲಿನ ಸಾಲಿನ ಹಲ್ಲಿನ ಸೆಟ್ಟೂ ಬಂತು. ಅದನ್ನು ಬಿಡಿಸಲು ಕನ್ನಡಕದಂಗಡಿಯವರು ತಮ್ಮ ಕಸುಬಿನ ಚಿಮಟವನ್ನೇ ತರಬೇಕಾಯಿತು. ಹುಡುಗಿ ಬ್ರೆಡ್ಡನ್ನು ಮುಟ್ಟದೆ ಓದಲು ತನ್ನ ಕೋಣೆಗೆ ಹೋದಳು.

ಮಧ್ಯಾಹ್ನ ಕಪಾಟಿನ ಸರದಿ. ಈ ವಿಷಯದಲ್ಲಿ ಮಾತ್ರ ಅವರಿಗೆ ತಮ್ಮ ಮೇಲೆ ಪೂರ್ತಿ ಭರವಸೆಯಿತ್ತು. ಸಾಸಿವೆ ಗಾತ್ರದ ತಿರುಪನ್ನು ಕನ್ನಡಕದ ಕಡ್ಡಿಗೆ ಕೂರಿಸುವ ಕೈ ಅದು. ಗೋಡೆಗೆ ಬೆರಳುದ್ದದ ತಿರುಪು ಹಾಕುವುದು ಯಾವ ಮಹಾ ಕೆಲಸ? ಹುಡುಗಿ ಓದುತ್ತಿದ್ದ ಮೇಜನ್ನು ಪಕ್ಕಕ್ಕೆ ತಳ್ಳಿ, ಹಲಗೆ ಅಳೆದು, ಗೋಡೆಗೆ ಗುರುತು ಹಾಕಿ ಡ್ರಿಲ್ ಮಷಿನ್ ಒತ್ತಿದರು.

"ಅಂಕಲ್, ನನಗೆ ಕಪಾಟು ಅಗತ್ಯವಿಲ್ಲ" ಎಂದಳು ಹುಡುಗಿ.

"ಸಂಕೋಚ ಮಾಡ್ಕೋಬೇಡಮ್ಮ" ಎಂದರು ಇವರು.

ಗೋಡೆಯೊಳಗೆ ನೀರಿನ ಪೈಪು ಇರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನೀರು ಚಿಮ್ಮಿದ ರಭಸಕ್ಕೆ ಅವರು ಹುಡುಗಿಯ ಹಾಸಿಗೆಯ ಮೇಲೆ ಅಂಗಾತ ಬಿದ್ದರು. ಹೆಂಡತಿ ಓಡಿಬಂದು ತೂತಿಗೆ ಅಂಗೈ ಒತ್ತಿದರು. ಹುಡುಗಿ ಪುಸ್ತಕಗಳನ್ನು ಎದೆಗವಚಿಕೊಂಡು ಮೇಜು ಹತ್ತಿದಳು. ಸ್ವಲ್ಪ ಹೊತ್ತಿಗೆ ಮೇಷ್ಟ್ರ ಮನೆಯ ಚಾವಣಿಯಿಂದ ನೀರು ತೊಟ್ಟಿಕ್ಕತೊಡಗಿ, ಕೆಳಗಿನಿಂದ ಸೀಟಿಯ ಮೇಲೆ ಸೀಟಿ ಕೇಳಿಸಿತು.

ಪ್ಲಂಬರ್ ಬಂದು, ಬೈದು, ಪೈಪು ಮುಚ್ಚಿ ಹೋಗುವಷ್ಟರಲ್ಲಿ ಸಂಜೆಯಾಯಿತು. ಕನ್ನಡಕದಂಗಡಿಯವರಿಗೆ ಸೊಂಟ ಹಿಡಿದಿತ್ತು, ಕೈ ಸುಟ್ಟಿತ್ತು, ಬಟ್ಟೆ ಒದ್ದೆಯಾಗಿತ್ತು. ಆದರೂ ಶರ್ಟು ಬದಲಿಸಿ, ತಲೆ ಬಾಚಿ, ಯಾತಕ್ಕೂ ಬಾರದ ಆ ಬ್ರೆಡ್ಡಿಗೆ ಫೋನನ್ನು ಒರಗಿಸಿ ಕೂತರು. ಅಲ್ಲಿ ಆಗಿನ್ನೂ ಭಾನುವಾರದ ಮಧ್ಯಾಹ್ನ.

ಪರದೆಯಲ್ಲಿ ತನ್ನ ಅಪ್ಪ ಕಂಡದ್ದೇ ತಡ, ಹುಡುಗಿ ತನ್ನ ಭಾಷೆಯಲ್ಲಿ ಒಂದೇ ಉಸಿರಿಗೆ ಮಾತಾಡಿದಳು. ಇವರ ಕಡೆ ಕೈ ತೋರಿಸಿದಳು, ಗೋಡೆಯ ಕಡೆ ತೋರಿಸಿದಳು, ಆಮೇಲೆ ಅತ್ತೇಬಿಟ್ಟಳು.

"ನೋಡಿದ್ಯಾ, ಆನಂದಬಾಷ್ಪ" ಎಂದು ಇವರು ಹೆಂಡತಿಯ ಕಿವಿಯಲ್ಲಿ ಹೇಳಿದರು.

ಅಲ್ಲಿ ಹುಡುಗಿಯ ಅಪ್ಪನ ಪಕ್ಕಕ್ಕೆ ಇವರ ಮಗಳು ಬಂದು ಕೂತಳು.

"ಅಪ್ಪ, ಏನಾಯ್ತು ನಿನಗೆ? ಹುಷಾರಾಗಿದ್ದೀಯ ತಾನೇ?"

"ನನಗೇನಾಗಿದೆ? ಅವಳು ಏನಂದ್ಳು ಹೇಳು."

"ನೀನು ಥೇಟ್ ಅವಳ ಅಪ್ಪನ ಹಾಗೇ ಆಗ್ಬಿಟ್ಟೆ ಅಂದ್ಳು."

ಅವರ ಎದೆ ಉಬ್ಬಿತು. ಇಡೀ ದಿನದ ನೋವು ಆ ಒಂದು ಮಾತಿಗೆ ಇಳಿದುಹೋಯಿತು.

"ಅದಕ್ಕೇ ಅಳ್ತಿದಾಳೆ" ಎಂದು ಮಗಳು ಮುಂದುವರಿಸಿದಳು. "ಭಾನುವಾರಾನೂ ಮಲಗೋಕೆ ಬಿಡದ ಅಪ್ಪನಿಂದ ಒಂದು ವರ್ಷ ತಪ್ಪಿಸ್ಕೊಳ್ಳೋಣ ಅಂತಾನೇ ಅವಳು ಅಷ್ಟು ದೂರ ಬಂದಿದ್ದು. ಇಷ್ಟು ದಿನ ಫೋನ್ ಮಾಡಿದಾಗೆಲ್ಲ ನಿನ್ನನ್ನ ಹೊಗಳಿದ್ದೇ ಹೊಗಳಿದ್ದು. ಅಂಕಲ್ ಯಾರನ್ನೂ ಎಬ್ಬಿಸಲ್ಲ, ಏನೂ ಮಾಡಲ್ಲ, ಪೇಪರ್ ಮುಖದ ಮೇಲೆ ಹಾಕ್ಕೊಂಡು ಮಲಗಿಬಿಡ್ತಾರೆ, ಅವರ ಪಕ್ಕ ಕೂತು ಓದ್ತಿದ್ರೆ ಎಂಥಾ ನೆಮ್ಮದಿ ಅಂತ. ಅದನ್ನ ಕೇಳೀ ಕೇಳೀ ಇಲ್ಲಿನ ಅಪ್ಪನಿಗೆ ತಡ್ಕೊಳ್ಳೋಕೆ ಆಗ್ಲಿಲ್ಲಪ್ಪ. ನಿನ್ನ ಮೇಲೆ ಹೊಟ್ಟೆ ಉರ್ಕೊಂಡು ಇವತ್ತು ಓಟ, ಬ್ರೆಡ್ಡು ಎಲ್ಲ ಬಿಟ್ಟು ಬೆಳಿಗ್ಗೆಯಿಂದ ಸೋಫಾದ ಮೇಲೆ ಮಲಗಿದ್ರು."

ಕನ್ನಡಕದಂಗಡಿಯವರು ಪರದೆಯನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದರು. ಹೌದು, ಆತನ ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಹೊಟ್ಟೆಕಿಚ್ಚು ಆತನಿಗೆ. ಅದೂ ತಮ್ಮ ಮೇಲೆ. ಅವರಿಗೆ ಆ ಮನುಷ್ಯನ ಮೇಲೆ ಮೊದಲ ಸಲ ಕರುಣೆ ಹುಟ್ಟಿತು.

"ಪಾಪ" ಎಂದರು ದೊಡ್ಡ ಮನಸ್ಸು ಮಾಡಿ. "ಇದೆಲ್ಲ ಒಂದೇ ದಿನಕ್ಕೆ ಬರೋದಲ್ಲ ಅಂತ ಹೇಳಮ್ಮ ಅವರಿಗೆ. ವರ್ಷಗಟ್ಟಲೆ ಅಭ್ಯಾಸ ಬೇಕು. ನನ್ನ ಹಾಗೆ ಮಲಗೋಕೆ ಅವರ ಕೈಲಿ ಎಲ್ಲಾಗುತ್ತೆ?"

ಮಗಳು ಆತನ ಕಡೆ ಒಮ್ಮೆ, ಇವರ ಕಡೆ ಒಮ್ಮೆ ನೋಡಿದಳು.

"ಬೇಜಾರು ಮಾಡ್ಕೋಬೇಡಪ್ಪ" ಎಂದಳು. "ನಿನಗಿಂತ ಚೆನ್ನಾಗಿ ಮಲಗ್ತಾರೆ. ಗೊರಕೇನೇ ಇಲ್ಲ."