ಕುರ್ಚಿ ಕಚ್ಚಿದ ದಿನ

ಮೊನ್ನೆ ಫೋನಿನಲ್ಲಿ ಕಳಿಸಿದ ಕತೆ ಕೇಳಿ ನಿಮ್ಮಲ್ಲಿ ಯಾರೋ "ಅಜ್ಜನ ತಲೆಗೆ ತುಕ್ಕು ಹಿಡಿದಿದೆ, ಅರ್ಧ ಕಟ್ಟಿ ಹೇಳ್ತಾರೆ" ಅಂದಿರಂತೆ. ತುಕ್ಕು ಹಿಡಿದಿರೋದು ನಿಮ್ಮ ಕಿವಿಗೆ! ಬೆಳಿಗ್ಗೆ ಮಾತ್ರೆ ನುಂಗಿದೆನೋ ಇಲ್ಲವೋ ನನಗೆ ಮರೆತಿರಬಹುದು. ಆದರೆ ನಾನು ದುಡಿದ ಕುರ್ಚಿ ಕಾರ್ಖಾನೆಯ ಯಾವ ಪ್ರೆಸ್ಸು ಯಾವ ಥರ ಕಿರುಚುತ್ತಿತ್ತು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿ, ಹೇಳುತ್ತೇನೆ. ತಗಡು ಕತ್ತರಿಸುವ ಮಷೀನಿನ ಮುಂದೆ ನಿಂತು ಇದನ್ನೆಲ್ಲ ಕಣ್ಣಾರೆ ಕಂಡವನು ನಾನು. ಮನೆಯೊಳಗಿನ ಸಂಗತಿ ಆಮೇಲೆ ಕತೆಯ ನಾಯಕನ ಹೆಂಡತಿಯೇ ಹೇಳಿದ್ದು. ಬಾಯಿ ಮುಚ್ಚಿಕೊಂಡು ಕೇಳಿ.

ನಮ್ಮಲ್ಲಿ ಪವರ್ ಪ್ರೆಸ್ ನಡೆಸುವವನೊಬ್ಬನಿದ್ದ. ಹತ್ತುಬೆರಳಪ್ಪ ಅಂತಲೇ ಎಲ್ಲರೂ ಕರೆಯುತ್ತಿದ್ದರು. ಪ್ರೆಸ್ಸಿನ ಸಾಲಿನಲ್ಲಿ ಹತ್ತೂ ಬೆರಳು ಉಳಿಸಿಕೊಂಡು ತಲೆ ನರೆತವನು ಅವನೊಬ್ಬನೇ. ಪ್ರೆಸ್ಸಿಗೆ ಎರಡು ಬಟನ್. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಧಡ್ಡನೆ ಇಳಿದು ತಗಡನ್ನು ಒತ್ತುತ್ತದೆ. ಎರಡೂ ಕೈ ಹೊರಗಿದ್ದ ಮೇಲೆ ಬೆರಳು ಸಿಕ್ಕಿಕೊಳ್ಳುವ ಮಾತೆಲ್ಲಿ? ಆದರೆ ನಮ್ಮವರು ಬುದ್ಧಿವಂತರು. ಒಂದು ಬಟನ್ನಿಗೆ ಮರದ ಚಕ್ಕೆ ಸಿಕ್ಕಿಸಿ, ಅದು ಸದಾ ಒತ್ತಿಕೊಂಡೇ ಇರುವ ಹಾಗೆ ಮಾಡಿ, ಒಂದು ಕೈಯಲ್ಲಿ ತಗಡು ತಳ್ಳುತ್ತಾ ಇನ್ನೊಂದರಲ್ಲಿ ಒತ್ತುತ್ತಿದ್ದರು. ಮಾಲು ಬೇಗ ಬೀಳುತ್ತಿತ್ತು. ಆಗಾಗ ಬೆರಳೂ ಬೀಳುತ್ತಿತ್ತು. ಸೂಪರ್‌ವೈಸರ್ ಚಕ್ಕೆ ಕಂಡರೆ ಛಾವಣಿ ನೋಡುತ್ತಿದ್ದ, ಮಾಲು ಕಮ್ಮಿಯಾದರೆ ಮಾತ್ರ ನೆಲಕ್ಕಿಳಿಯುತ್ತಿದ್ದ.

ಪಕ್ಕದ ಪ್ರೆಸ್ಸಿನವನ ಎರಡು ಬೆರಳ ತುದಿ ಹಾಗೇ ಹೋಗಿ, ಅವನಿಗೆ ಮುಕ್ಕಾಲು ಅಂತ ಹೆಸರು ಬಿದ್ದಿತ್ತು. ಹತ್ತುಬೆರಳಪ್ಪ ಮಾತ್ರ ಚಕ್ಕೆ ಮುಟ್ಟಿದವನಲ್ಲ. ನಿಧಾನಸ್ಥ ಅಂತ ಬೈಸಿಕೊಂಡ, ಬೆರಳು ಉಳಿಸಿಕೊಂಡ. ಬೆರಳು ಉಳಿದವು, ಮಂಡಿ ಹೋದವು. ನಿಂತೂ ನಿಂತೂ ಎರಡು ಮಂಡಿಯೂ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ರೆನ್ನುತ್ತಿದ್ದವು. "ಕೂತು ಮಾಡೋ ಕೆಲ್ಸ ಹುಡುಕು, ಇಲ್ದಿದ್ರೆ ಕೋಲು ಹುಡುಕು" ಅಂದಿದ್ದರು ಡಾಕ್ಟರು.

ಕೂತು ಮಾಡುವ ಕೆಲಸ ಇಡೀ ಕಾರ್ಖಾನೆಯಲ್ಲಿ ಒಂದೇ. ಟೂಲ್ ರೂಮಿನ ಕಿಟಕಿಯ ಹಿಂದೆ ಕುರ್ಚಿಯಲ್ಲಿ ಕೂತು ಸ್ಪ್ಯಾನರ್ ಎತ್ತಿ ಕೊಡುವುದು. ಅಲ್ಲಿದ್ದವನು ಕೆಲಸ ಬಿಟ್ಟಿದ್ದ. ಹೊಸಬನ ಹೆಸರನ್ನು ಮ್ಯಾನೇಜರ್ ಅವತ್ತು ಸಂಜೆಯ ಸುರಕ್ಷತಾ ಸಭೆಯಲ್ಲಿ ಹೇಳುವವರಿದ್ದರು. ಅದೇ ಸಭೆಯಲ್ಲಿ, ಹತ್ತೂ ಬೆರಳು ಕಾಪಾಡಿಕೊಂಡದ್ದಕ್ಕೆ ಹತ್ತುಬೆರಳಪ್ಪನಿಗೆ ಸನ್ಮಾನ. ಸನ್ಮಾನ ಅವನಿಗೆ ಅಂದ ಮೇಲೆ ಕುರ್ಚಿಯೂ ಅವನಿಗೇ ಅಂತ ನಾವೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೆವು.

ಬೆಳಿಗ್ಗೆ ಅವನು ಮನೆಯಿಂದ ಹೊರಡುವ ಹೊತ್ತಿಗೆ ಪಕ್ಕದ ಮನೆಯ ರಿಟೈರ್ಡ್ ಕಂಪೌಂಡರು ಮಡಚುವ ಕಬ್ಬಿಣದ ಕುರ್ಚಿಯೊಂದನ್ನು ಎತ್ತಿಕೊಂಡು ಬಂದರು. ನಮ್ಮ ಕಾರ್ಖಾನೆಯದೇ ಮಾಲು.

"ಏನಪ್ಪಾ, ನಿಮ್ಮ ಕುರ್ಚಿ ಕುಂಟ್ತಾ ಇದೆ. ನೀನೇ ತಾನೇ ಮಾಡಿದ್ದು?"

"ಕಾಲಿನ ತಗಡು ಪಟ್ಟಿ ಒತ್ತೋದಷ್ಟೇ ನಂದು ಸಾರ್. ಸಂಜೆ ನೋಡ್ತೀನಿ, ಬಸ್ಸಿಗೆ ಹೊತ್ತಾಯ್ತು."

"ಕಣ್ಣು ಮಿಟುಕಿಸೋವಷ್ಟರಲ್ಲಿ ಮುಗಿಯೋ ಕೆಲ್ಸಕ್ಕೆ ಬಸ್ಸು ಅಂತೀಯಲ್ಲೋ!"

ದಾಕ್ಷಿಣ್ಯದ ಪ್ರಾಣಿ ಬಗ್ಗಿತು. ಕತ್ತರಿಯ ಹಾಗೆ ಕೂಡುವ ಕಾಲುಗಳ ನಡುವೆ ಎಡಗೈ ತೂರಿಸಿ "ಇಲ್ಲೊಂದು ರಿವೆಟ್ ಮೊಳೆ ಸಡಿಲ..." ಅನ್ನುವಷ್ಟರಲ್ಲಿ ಕಂಪೌಂಡರು "ಈಗ ಕುಂಟುತ್ತಾ ನೋಡೋಣ" ಅಂತ ತಮ್ಮ ಪೂರ್ತಿ ಶರೀರವನ್ನು ಕುರ್ಚಿಗೆ ಒಪ್ಪಿಸಿಬಿಟ್ಟರು.

"ಅಯ್ಯಯ್ಯೋ! ಏಳಿ ಸಾರ್, ಏಳಿ!"

"ಎಲ್ಲಿ ನೋವು?"

"ಮೊದ್ಲು ಎದ್ದೇಳಿ!"

"ಗಾಬರಿಯಾಗ್ಬೇಡ. ಚುಚ್ಚೋ ಥರಾನೋ, ಉರಿಯೋ ಥರಾನೋ?"

ಹೆಂಡತಿ ಓಡಿ ಬಂದು ಕಂಪೌಂಡರ ರಟ್ಟೆ ಹಿಡಿದು ಎಬ್ಬಿಸಿದಾಗ ತೋರುಬೆರಳು ಜಜ್ಜಿದ ಶುಂಠಿಯಾಗಿತ್ತು. ಅಷ್ಟು ವರ್ಷ ಪ್ರೆಸ್ಸು ಮುಟ್ಟದ ಬೆರಳನ್ನು ಅವನೇ ಒತ್ತಿ ಕೊಟ್ಟ ಪಟ್ಟಿ ಕಚ್ಚಿತ್ತು! ಕಂಪೌಂಡರು ಮನೆಯಲ್ಲಿದ್ದ ಬ್ಯಾಂಡೇಜನ್ನೆಲ್ಲ ತಂದು ಸುತ್ತಿದರು. ಬೆರಳು ಬದನೆಕಾಯಿಯಾಯಿತು.

"ರೀ, ಇವತ್ತು ರಜಾ ಹಾಕ್ರೀ."

"ಇವತ್ತು ರಜಾ ಹಾಕಿದ್ರೆ ಸಾಯೋ ತನಕ ನಿಂತೇ ಇರ್ಬೇಕು ಕಣೇ. ಬೆರಳು ಹಿಂಗಾಗಿದೆ ಅಂತ ಗೊತ್ತಾದ್ರೆ ಸನ್ಮಾನಾನೂ ಇಲ್ಲ, ಕುರ್ಚೀನೂ ಇಲ್ಲ."

ದೊಡ್ಡ ಗ್ಲೌಸಿನೊಳಗೆ ಬದನೆಕಾಯಿ ತುರುಕಿಕೊಂಡು ಬಂದ. ಬಂದದ್ದೇನೋ ಸರಿ, ಎಡಗಡೆಯ ಬಟನ್ ಒತ್ತುವುದು ಹೇಗೆ? ಅಂಗೈ ಊರಿದರೆ ನೋವು ನೆತ್ತಿಗೇರುತ್ತದೆ. ಮೊಣಕೈಯಿಂದ ಒತ್ತಿದ. ಸೊಂಟ ಬಳುಕಿ, ನೃತ್ಯಕ್ಕೆ ನಿಂತ ಹಾಗೆ ಕಂಡ. ಕೊನೆಗೆ ಬಗ್ಗಿ ಗಲ್ಲದಿಂದ ಒತ್ತತೊಡಗಿದ.

ಮುಕ್ಕಾಲು ಕಣ್ಣರಳಿಸಿ ನೋಡಿದ. "ಏನಣ್ಣಾ, ಮಷೀನಿಗೆ ಮುತ್ತು ಕೊಡ್ತಿದ್ದೀಯಾ? ಅತ್ತಿಗೆಗೆ ಹೇಳ್ಲಾ?"

"ಕುತ್ತಿಗೆ ಹಿಡ್ಕೊಂಡಿದೆ. ನಿನ್ನ ಕೆಲ್ಸ ನೋಡ್ಕೋ."

"ಕುತ್ತಿಗೆ ಹಿಡ್ಕೊಂಡ್ರೆ ಕೈಗ್ಯಾಕೆ ಗ್ಲೌಸು?"

"ಚಳಿ."

ಆ ತಗಡಿನ ಛಾವಣಿಯ ಕೆಳಗೆ ನಾವು ಅಂಗಿ ಬಿಚ್ಚಿ ಬೆವರು ಹಿಂಡುತ್ತಿದ್ದೆವು! ಮುಕ್ಕಾಲು ಹತ್ತಿರ ಬಂದು ಗ್ಲೌಸು ಹಿಸುಕಿದ. ಹತ್ತುಬೆರಳಪ್ಪನ ಬಾಯಿಂದ ಹೊರಟ ಸದ್ದು ಕಾರ್ಖಾನೆಯ ಸೈರನ್ನಿಗೂ ಬರುತ್ತಿರಲಿಲ್ಲ.

"ಓಹೋ, ಹಿಂಗಾ ವಿಷ್ಯ! ಯಾರಿಗೂ ಹೇಳಲ್ಲ ಬಿಡಣ್ಣ. ಆದ್ರೆ ಸೂಪರ್‌ವೈಸರ್ ಬರ್ತಿದ್ದಾನೆ, ನಿನ್ನ ಮಾಲು ನೋಡಿದ್ರೆ ಕೂಗಾಡ್ತಾನೆ. ಇವತ್ತೊಂದಿನ ಚಕ್ಕೆ ಹಾಕು."

ಹಾಕಬಾರದಿತ್ತು. ಹಾಕಿದ. ಎಡಗೈಯಲ್ಲಿ ತಗಡು ತಳ್ಳಿದ, ಬಲಗೈಯಲ್ಲಿ ಒತ್ತಿದ. ಧಡ್! ಉಬ್ಬಿದ ಗ್ಲೌಸಿನ ತುದಿ ತುಂಡಾಗಿ ಹಾರಿ ಮಾಲಿನ ಡಬ್ಬಿಗೆ ಬಿತ್ತು. ಸರಿಯಾಗಿ ಅದೇ ಹೊತ್ತಿಗೆ ಡಬ್ಬಿಯೊಳಗೆ ಇಣುಕಿದ ಸೂಪರ್‌ವೈಸರ್ "ಬೆರಳು! ಬೆರಳು!" ಅಂತ ಕಿರುಚಿ ಅಲ್ಲೇ ಕುಸಿದು ಕೂತ. ಎಲ್ಲ ಮಷೀನೂ ನಿಂತವು. ಒಬ್ಬೊಬ್ಬನೂ ತನ್ನ ಬೆರಳು ಎಣಿಸಿಕೊಂಡ. ಮುಕ್ಕಾಲು ಲೆಕ್ಕ ತಾಳೆಯಾಗದೆ ಮತ್ತೆ ಎಣಿಸಿದ.

"ಗ್ಲೌಸು ಸಾರ್, ಬರೀ ಗ್ಲೌಸು!" ಅಂತ ಮುಕ್ಕಾಲೇ ತುಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡ. ತನ್ನ ಲಾಕರಿನಲ್ಲಿ ಹಾಗೇ ಬಿದ್ದಿದ್ದ ಗ್ಲೌಸಿನ ಜೋಡಿ ತಂದು ಹತ್ತುಬೆರಳಪ್ಪನಿಗೆ ಕೊಟ್ಟ. ಬೆರಳು ಉಳಿದಿತ್ತು, ಗ್ಲೌಸಿನ ಜೊತೆ ಬ್ಯಾಂಡೇಜಿನ ತುದಿ ಮಾತ್ರ ಹೋಗಿತ್ತು. ಅದೃಷ್ಟ ಅಂತ ಅಂದುಕೊಂಡೆವು. ಆ ಪದ ಎಷ್ಟು ಕೆಟ್ಟದು ಅಂತ ಸಂಜೆ ಗೊತ್ತಾಯಿತು.

ಸಭೆಯಲ್ಲಿ ಮ್ಯಾನೇಜರ್ ಅವನನ್ನು ಮುಂದೆ ಕರೆದು "ಎರಡೂ ಕೈ ಎತ್ತಿ ತೋರ್ಸಿ" ಅಂದರು. ಎತ್ತಿದ. "ನೋಡ್ರಪ್ಪಾ, ಸಭೆಗೂ ಗ್ಲೌಸು ಹಾಕ್ಕೊಂಡೇ ಬಂದಿದ್ದಾರೆ. ಸುರಕ್ಷತೆ ಅಂದ್ರೆ ಇದು!" ಚಪ್ಪಾಳೆ. ಆಮೇಲೆ ಎರಡೂ ಕೈಯನ್ನು ಒಟ್ಟಿಗೆ ಹಿಡಿದು, ಬಟ್ಟೆ ಹಿಂಡುವ ಹಾಗೆ ಕುಲುಕಿದರು. ಹತ್ತುಬೆರಳಪ್ಪನ ಕಣ್ಣಿಂದ ಬುಳಬುಳ ನೀರು. "ಎಂಥಾ ವಿನಯ!" ಅಂತ ಮ್ಯಾನೇಜರ್ ಇನ್ನೂ ಬಲವಾಗಿ ಕುಲುಕಿದರು.

"ಇನ್ನು ಟೂಲ್ ರೂಮಿನ ಕುರ್ಚಿ. ಕೈಗೆ ಪೆಟ್ಟಾದವರನ್ನೇ ಅಲ್ಲಿ ಕೂರಿಸ್ಬೇಕು ಅಂತ ಕಂಪನಿ ತೀರ್ಮಾನ ಮಾಡಿದೆ. ಹತ್ತು ಬೆರಳಿರೋ ಕೈಯನ್ನ ಕಿಟಕಿ ಹಿಂದೆ ಕೂರ್ಸಿ ಹಾಳು ಮಾಡೋಕಾಗುತ್ತಾ?" ಅಂದು ಮುಕ್ಕಾಲಿನ ಹೆಸರು ಹೇಳಿದರು. "ಅವನ ಪ್ರೆಸ್ಸನ್ನೂ ಇನ್ಮೇಲೆ ನೀವೇ ನೋಡ್ಕೋಬೇಕು ಹತ್ತುಬೆರಳಪ್ಪಾ. ನಿಮ್ಮ ಮೇಲೆ ಅಷ್ಟು ನಂಬಿಕೆ ನಮಗೆ!"

ಹತ್ತುಬೆರಳಪ್ಪ ಹಲ್ಲಿನಿಂದ ಗ್ಲೌಸು ಕಿತ್ತು, ರಕ್ತ ಜಿನುಗುವ ಬ್ಯಾಂಡೇಜನ್ನು ಮ್ಯಾನೇಜರರ ಮೂಗಿಗೆ ಹಿಡಿದ.

"ಸಾರ್, ನಂಗೂ ಪೆಟ್ಟಾಗಿದೆ ಸಾರ್! ನೋಡಿ!"

"ಅರೆ! ಯಾವ ಮಷೀನು?"

ಹಿಂದಿನಿಂದ ಮುಕ್ಕಾಲು ಪ್ರೆಸ್ಸಿನ ಕಡೆ ಕೈ ತೋರಿಸಿ ತೋರಿಸಿ ಸಾಕಾದ. ಸುಳ್ಳನ್ನು ನೆಟ್ಟಗೆ ಹೇಳಿ ಅಭ್ಯಾಸವಿಲ್ಲದ ನಾಲಿಗೆ, ಬೇಕಾದಾಗ ಎಲ್ಲಿಂದ ಹೊರಳಬೇಕು? "ಮಷೀನಲ್ಲ ಸಾರ್... ಮನೇಲಿ... ಕುರ್ಚಿ."

"ಮನೆ ಕುರ್ಚಿ ಕಚ್ಚಿದ್ದಕ್ಕೆ ಕಂಪನಿ ಕುರ್ಚಿ ಕೊಡೋಕಾಗುತ್ತೇನ್ರೀ?"

"ಅದೂ ಕಂಪನೀದೇ ಸಾರ್" ಅಂದ ಅವನು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ, ಹಾಳಾದ್ದು, ನಗು ಬಂತು.

"ಗ್ಲೌಸು ಹಾಕ್ಕೊಳ್ಳಿ, ಫೋಟೋ ತೆಗೀಬೇಕು" ಅಂದ ಮ್ಯಾನೇಜರ್, ಸನ್ಮಾನದ ಉಡುಗೊರೆ ತರಿಸಿದರು. ರಿಬ್ಬನ್ ಕಟ್ಟಿದ ಹೊಚ್ಚ ಹೊಸ ಮಡಚುವ ಕುರ್ಚಿ.

ಮನೆಗೆ ಹೋಗುವ ಬಸ್ಸಿನಲ್ಲಿ ನಾನು ಅವನ ಪಕ್ಕದಲ್ಲೇ ಇದ್ದೆ. ಸೀಟಿಲ್ಲ. ಕಿರ್ರೆನ್ನುವ ಮಂಡಿಯ ಮೇಲೆ ನಿಂತು, ಕುರ್ಚಿಯನ್ನು ಕಂಕುಳಲ್ಲಿ ಅವುಚಿಕೊಂಡಿದ್ದ. ಕಂಡಕ್ಟರ್ ಮೇಲಿಂದ ಕೆಳಗೆ ನೋಡಿದ.

"ಏನ್ರೀ, ಕುರ್ಚಿ ಇಟ್ಕೊಂಡು ನಿಂತಿದ್ದೀರಲ್ಲ, ಬಿಡಿಸಿ ಕೂತ್ಕೋಬಾರ್ದಾ?"

ಹತ್ತುಬೆರಳಪ್ಪ ಕಿಟಕಿಯ ಹೊರಗೆ ನೋಡುತ್ತಾ ಹೇಳಿದ:

"ಕಚ್ಚುತ್ತೆ."

ಕೇಳಿದಿರಲ್ಲ, ಇನ್ನು ಫೋನಿನೊಳಗೇ ಕೊಳೆಸಬೇಡಿ. ನಿಂತು ದುಡಿಯುವವರಿಗೆ ಈ ಕತೆ ಗೊತ್ತೇ ಇದೆ. ಕುರ್ಚಿಯಲ್ಲಿ ಕೂತಿರುವವರು ಯಾರಾದರೂ ನಿಮಗೆ ಪರಿಚಯವಿದ್ದರೆ, ಮೊದಲು ಅವರಿಗೆ ದಾಟಿಸಿ.